ಅನುಪ್ರಾಸವು ಕಾಪಾಡಿದ ಪದಗಳು

ಇಂಗ್ಲಿಷಿನ ಪ್ರಾಚೀನ ಕಾವ್ಯದಲ್ಲಿ ಬರುವ, ಇಂದು ಬಳಕೆ ತಪ್ಪಿಹೋದ ಅನೇಕ ಪದಗಳು ತಮ್ಮ ಕಾಲದಲ್ಲಿಯೂ ಗದ್ಯಕ್ಕೆ ಅಪರಿಚಿತವಾಗಿದ್ದವು. ಅವುಗಳನ್ನು ಉಳಿಸಿಕೊಂಡು ಬಂದದ್ದು ಛಂದಸ್ಸು. ಆ ಕಾವ್ಯದ ಪ್ರತಿಯೊಂದು ಸಾಲೂ ಎರಡು ಭಾಗಗಳಾಗಿ ಒಡೆಯುತ್ತಿತ್ತು. ಒತ್ತು ಬೀಳುವ ಪದಗಳು ಒಂದೇ ಧ್ವನಿಯಿಂದ ಆರಂಭವಾಗಿ ಈ ಭಾಗಗಳನ್ನು ಬೆಸೆಯುತ್ತಿದ್ದವು. ಕನ್ನಡದ ದ್ವಿತೀಯಾಕ್ಷರ ಪ್ರಾಸಕ್ಕಿಂತ ಭಿನ್ನವಾದ ಈ ಆದ್ಯಕ್ಷರದ ಅನುಪ್ರಾಸವನ್ನು ನಿರ್ವಹಿಸಬೇಕಾದರೆ, ಒಂದೇ ಅರ್ಥಕ್ಕೆ ಬೇರೆಬೇರೆ ಅಕ್ಷರಗಳಿಂದ ಆರಂಭವಾಗುವ ಹಲವು ಪದಗಳು ಕವಿಯ ಕೈಗೆಟುಕುವಂತಿರಬೇಕಾಗಿತ್ತು. ಆದುದರಿಂದಲೇ 'ಮನುಷ್ಯ' ಅಥವಾ 'ಯೋಧ' ಎನ್ನಲು ಗದ್ಯಕ್ಕೆ 'ಮನ್' ಎಂಬ ಒಂದು ಪದ ಬಹುಮಟ್ಟಿಗೆ ಸಾಕಾಗಿದ್ದರೆ, ಕಾವ್ಯಕ್ಕೆ 'ಬೆಯೋರ್ನ್', 'ಗುಮ', 'ಹ್ಯಾಲೆಥ್', 'ರಿಂಕ್' ಎಲ್ಲವೂ ಬೇಕಾಗಿದ್ದವು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನಗಳಲ್ಲಿ ಫ್ರೆಂಚ್ ನೆಲೆಗೊಂಡು, ಅಂತ್ಯಪ್ರಾಸದ ಪದ್ಯವು ಕ್ರಮೇಣ ಬೇರೂರಿತು. ಆದರೂ ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ವಾಯವ್ಯ ಇಂಗ್ಲೆಂಡಿನ ಕವಿಯೊಬ್ಬನು, ತನ್ನ ಹೆಸರನ್ನೂ ಉಳಿಸದೆ, 'ಸರ್ ಗವೇನ್ ಅಂಡ್ ದ ಗ್ರೀನ್ ನೈಟ್' ಕಾವ್ಯವನ್ನು ಅನುಪ್ರಾಸದಲ್ಲಿಯೇ ರಚಿಸಿದಾಗ, 'ಬರ್ನ್', 'ಗೋಮ್', 'ಸೆಗ್' ಎಂಬ ರೂಪಗಳಲ್ಲಿ ಆ ಹಳೆಯ ಪದಗಳು ಮತ್ತೆ ಸಾಲುಸಾಲಾಗಿ ಬಂದವು. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಅಂತ್ಯಪ್ರಾಸವನ್ನು ಹಿಡಿದ ಚಾಸರನಿಗೆ ಅವುಗಳ ಹಂಗಿರಲಿಲ್ಲ. ಮುಂದೆ ಶಿಷ್ಟ ಇಂಗ್ಲಿಷ್ ಬೆಳೆದದ್ದು ಮುಖ್ಯವಾಗಿ ಲಂಡನ್ನಿನ ಭಾಷೆಯಿಂದಾದುದರಿಂದ, ಅನುಪ್ರಾಸದ ಪದ್ಯದೊಂದಿಗೆ ಅದರ ಪದಸಂಪತ್ತೂ ಕರಗಿತು. 'ಗುಮ' ಮಾತ್ರ 'ಬ್ರೈಡ್‌ಗ್ರೂಮ್' ಎಂಬ ಸಮಾಸದಲ್ಲಿ ವೇಷ ಮರೆಸಿಕೊಂಡು ಉಳಿಯಿತು: ಮೂಲದ 'ಬ್ರೂಡ್‌ಗುಮ'ದ ಉತ್ತರಪದ ಜನರಿಗೆ ತಿಳಿಯದಂತಾಗಿ, ಆ ಸ್ಥಾನಕ್ಕೆ ಪರಿಚಿತವಾದ 'ಗ್ರೂಮ್' ಬಂದು ಸೇರಿತು.

ಅರ್ಥ ಮಸುಕಾದ ನುಡಿಗಟ್ಟು ತಪ್ಪುಗ್ರಹಿಕೆಯಿಂದ ಹೊಸ ಜನ್ಮ ಪಡೆದದ್ದೂ ಉಂಟು. ಚಾಸರನು 'ಟ್ರಾಯ್ಲಸ್ ಅಂಡ್ ಕ್ರಿಸೀಡ್'ನಲ್ಲಿ 'ಮಾಡುವ ಧೈರ್ಯ' ಎಂಬ ಅರ್ಥದಲ್ಲಿ ಪ್ರಯೋಗಿಸಿದ 'ಡರಿಂಗ್ ಡಾನ್' ಎಂಬ ಕ್ರಿಯಾಪದಗಳ ಜೋಡಣೆಯನ್ನು ಲಿಡ್‌ಗೇಟ್ ಅನುಸರಿಸಿದನು. ಅವನ ಕಾವ್ಯದ ಮುದ್ರಿತ ಪ್ರತಿಗಳಲ್ಲಿ ಅದರ ಅಕ್ಷರಗಳು ಕೆಟ್ಟವು. ಸ್ಪೆನ್ಸರನ 'ಶೆಪರ್ಡ್ಸ್ ಕ್ಯಾಲೆಂಡರ್' 1579ರಲ್ಲಿ ಪ್ರಕಟವಾದಾಗ ಅದೇ ಮಾತು ಶೌರ್ಯವನ್ನು ಸೂಚಿಸುವ ನಾಮಪದವಾಗಿ, ಟಿಪ್ಪಣಿಸಹಿತವಾಗಿ ಕಾಣಿಸಿಕೊಂಡಿತು. ವಾಲ್ಟರ್ ಸ್ಕಾಟ್ 'ಐವನ್ಹೋ' ಕಾದಂಬರಿಯಲ್ಲಿ ಅದನ್ನು ಬಳಸಿದ ಮೇಲೆ 'ಡೆರಿಂಗ್ ಡೂ' ಇಂಗ್ಲಿಷಿನಲ್ಲಿ ನೆಲೆನಿಂತಿತು.

ಇಂತಹ ಪದಗಳ ಅಳಿವು ಉಳಿವು ಹಲವೊಮ್ಮೆ ಒಂದೇ ಒಂದು ಹಸ್ತಪ್ರತಿಯನ್ನು ಅವಲಂಬಿಸಿತ್ತು. 3182 ಸಾಲುಗಳ ಪ್ರಾಚೀನ ಕಾವ್ಯ 'ಬೇವುಲ್ಫ್' ಮತ್ತು 'ಗವೇನ್' ಎರಡಕ್ಕೂ ದೊರೆತಿರುವುದು ಒಂದೊಂದೇ ಪ್ರತಿ. ಎರಡೂ ರಾಬರ್ಟ್ ಕಾಟನ್ ಕೂಡಿಸಿದ ಸಂಗ್ರಹದಲ್ಲಿದ್ದವು. 1731ರಲ್ಲಿ ಆ ಸಂಗ್ರಹಕ್ಕೆ ಬೆಂಕಿ ತಗುಲಿ 'ಬೇವುಲ್ಫ್'ನ ಪುಟಗಳ ಅಂಚುಗಳು ಸುಟ್ಟವು, ಮುಂದೆ ಅವು ಪುಡಿಯಾಗಿ ಉದುರುತ್ತ ಹೋದವು. 1787ರ ಸುಮಾರಿಗೆ ಐಸ್‌ಲೆಂಡ್ ಮೂಲದ ವಿದ್ವಾಂಸ ಥಾರ್ಕೆಲಿನ್ ಮಾಡಿಸಿದ ಮತ್ತು ಮಾಡಿಕೊಂಡ ನಕಲುಗಳಿಲ್ಲದಿದ್ದರೆ ಅಂಚಿನ ಅದೆಷ್ಟೋ ಅಕ್ಷರಗಳು ಶಾಶ್ವತವಾಗಿ ಕಳೆದುಹೋಗುತ್ತಿದ್ದವು.

ಹಳೆಯ ಪಠ್ಯಗಳನ್ನು ಅಚ್ಚುಹಾಕಿ ನಿಘಂಟುಕಾರರಿಗೆ ಒದಗಿಸುವುದಕ್ಕಾಗಿ ಫರ್ನಿವಾಲ್ 1864ರಲ್ಲಿ 'ಅರ್ಲಿ ಇಂಗ್ಲಿಷ್ ಟೆಕ್ಸ್ಟ್ ಸೊಸೈಟಿ'ಯನ್ನು ಸ್ಥಾಪಿಸಿದನು. ಆ ಶ್ರಮದ ಫಲವನ್ನೂ ಬಳಸಿಕೊಂಡು 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು, 1150ಕ್ಕೆ ಮುನ್ನವೇ ಬಳಕೆಯಿಂದ ಮರೆಯಾದ ಪದಗಳನ್ನು ಹೊರಗಿಟ್ಟಿತು. ಅವುಗಳಿಗಾಗಿ ಇಂದಿಗೂ ಬಾಸ್ವರ್ತ್ ಮತ್ತು ಟಾಲರ್ ಅವರ ಆಂಗ್ಲೋ-ಸ್ಯಾಕ್ಸನ್ ನಿಘಂಟಿನಂತಹ ಪ್ರತ್ಯೇಕ ಕೋಶಗಳನ್ನೇ ನೋಡಬೇಕು.