ಒಂದೇ ಕಡತ, ಇಬ್ಬರು ತಾಯಂದಿರು: ಮೈಸೂರು ಮಿಷನ್ ಆಸ್ಪತ್ರೆಯ ಹೆರಿಗೆ ದಾಖಲೆಗಳ ಮರುಓದು

ಹುಟ್ಟುವಾಗ ತೂಕ ಕಡಿಮೆಯಿದ್ದ ಮಗುವಿಗೆ ಮುಂದೆ ಸಕ್ಕರೆ ಕಾಯಿಲೆ ಕಟ್ಟಿಟ್ಟ ಬುತ್ತಿ, ಇದನ್ನು ಮೈಸೂರಿನ ಅಧ್ಯಯನವೇ ತೋರಿಸಿದೆ ಎಂದು ವೈದ್ಯಚರಿತ್ರೆಯ ನಮ್ಮ ಹಿರಿಯರೊಬ್ಬರು ಹಿಂದೊಮ್ಮೆ ಬರೆದರು. ಆಮೇಲೆ ಬಂದವರು ಮೂಲ ನೋಡದೆ ಅವರನ್ನೇ ನೆಚ್ಚಿಕೊಂಡರು. ಈಗ ಶಿವಮೊಗ್ಗದ ನಮ್ಮ ರವೀಂದ್ರನಗರದಲ್ಲಿ ಮಗು ನೋಡಲು ಬಂದವರೂ ಬಾಣಂತಿಯ ಎದುರಿಗೇ ತೂಕ ವಿಚಾರಿಸಿ ಈ ಮಾತು ಆಡಿ ಹೋಗುತ್ತಾರೆ. ಮೂಲ ಪ್ರಬಂಧ ಹೇಳುವುದು ಹೆಚ್ಚುಕಡಿಮೆ ಇದಕ್ಕೆ ವಿರುದ್ಧವಾದದ್ದನ್ನು. ಆ ಹಿರಿಯರ ಬಗ್ಗೆ ನನಗೆ ಗೌರವವಿದೆ. ಅವರನ್ನು ನಕಲು ಮಾಡಿದವರ ಬಗ್ಗೆ ಅಷ್ಟಿಲ್ಲ.

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹೆರಿಗೆಯ ದಾಖಲೆಗಳನ್ನು ಜೋಪಾನ ಮಾಡಿತ್ತು. ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಮಾತ್ರವಲ್ಲ, ಗರ್ಭಿಣಿಯ ತೂಕವೂ ಅವಳ ಸೊಂಟದ ಅಳತೆಯೂ ಅವುಗಳಲ್ಲಿದ್ದವು. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು ಹರ್ಟ್‌ಫರ್ಡ್‌ಶೈರಿನಲ್ಲಿ ಹುಟ್ಟಿನ ತೂಕಕ್ಕೂ ಮುಂದಿನ ಹೃದ್ರೋಗಕ್ಕೂ ನಂಟು ತೋರಿಸಲು ಬಳಸಿ ಹೆಸರಾದ ದಾಖಲೆಗಳಲ್ಲಿ ಇರುವುದು ಮಗುವಿನ ವಿವರ. ತಾಯಿಯ ಮೈಯನ್ನು ಅಲ್ಲಿ ಅಳೆದಿಲ್ಲ. ಮೈಸೂರಿನ ಕಡತದ ಹೆಚ್ಚುಗಾರಿಕೆ ಇದೇ. ನಮ್ಮವರು ಓದದೆ ಬಿಟ್ಟದ್ದೂ ಇದನ್ನೇ.

1990ರ ದಶಕದಲ್ಲಿ ಸಂಶೋಧಕರು ಮನೆಮನೆಗೆ ಹೋಗಿ ಆ ಆಸ್ಪತ್ರೆಯಲ್ಲಿ ಹುಟ್ಟಿದವರನ್ನು ಹುಡುಕಿದರು. ಸ್ಟೈನ್, ಕ್ಯಾರೊಲೈನ್ ಫಾಲ್, ಕಲ್ಯಾಣರಾಮನ್ ಕುಮಾರನ್ ಮೊದಲಾದವರ ಪ್ರಬಂಧ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಪರೀಕ್ಷೆಗೆ ಒಳಗಾದವರು 517 ಮಂದಿ, ಹೃದಯದ ರಕ್ತನಾಳದ ಕಾಯಿಲೆ ಕಂಡದ್ದು 25 ಗಂಡಸರಲ್ಲಿ, 27 ಹೆಂಗಸರಲ್ಲಿ. ಐದೂವರೆ ಪೌಂಡು, ಅಂದರೆ ಎರಡೂವರೆ ಕಿಲೋ, ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಅದರ ಪ್ರಮಾಣ ಶೇ. 11, ಏಳು ಪೌಂಡು ದಾಟಿದವರಲ್ಲಿ ಶೇ. 3. ಹಾಗೆ ಸಣ್ಣಗೆ ಹುಟ್ಟಿ, ತಾಯಿಯೂ ಬಸುರಿನಲ್ಲಿ ನೂರು ಪೌಂಡಿಗಿಂತ ಕಡಿಮೆಯಿದ್ದವರಲ್ಲಿ ಅದು ಶೇ. 20ಕ್ಕೆ ಏರಿತು. ಒಟ್ಟು 52 ರೋಗಿಗಳ ಮೇಲೆ ನಿಂತ ಲೆಕ್ಕ ಇದು ಎಂಬುದನ್ನು ಮರೆಯಬಾರದು. ಹರ್ಟ್‌ಫರ್ಡ್‌ಶೈರಿನಲ್ಲಿ ಎಣಿಸಿದ್ದು ಸತ್ತವರನ್ನು. ಇಲ್ಲಿ ಸಿಕ್ಕವರು ಬದುಕುಳಿದು, ಊರು ಬಿಡದೆ ಇದ್ದವರು. ಹೃದಯಾಘಾತದಿಂದ ಬೇಗ ಹೋದವರು ಎರಡನೆಯ ಪಟ್ಟಿಯಲ್ಲಿ ಬರುವುದೇ ಇಲ್ಲ. ಆದರೂ ಸೊರಗಿದ ತಾಯಿ, ಸೊರಗಿದ ಕೂಸು, ಮುಂದೆ ಹೃದ್ರೋಗ ಎಂಬ ಚಿತ್ರ ಇಲ್ಲಿಯವರೆಗೆ ಸರಿಯೇ.

ನಮ್ಮ ಲೇಖಕರು ಇಲ್ಲಿಗೇ ನಿಂತು, ಹೃದ್ರೋಗ ಎಂದಿದ್ದ ಕಡೆ ಸಕ್ಕರೆ ಕಾಯಿಲೆಯನ್ನೂ ಸೇರಿಸಿಬಿಟ್ಟರು. ಅದೇ ಗುಂಪಿನ ಜನರ ಸಕ್ಕರೆ ಕಾಯಿಲೆಯ ಲೆಕ್ಕ 1998ರಲ್ಲಿ 'ಡಯಾಬೆಟಿಕ್ ಮೆಡಿಸಿನ್' ಪತ್ರಿಕೆಯಲ್ಲಿ ಬೇರೆಯಾಗಿಯೇ ಪ್ರಕಟವಾಗಿದೆ. ಅದರ ಪ್ರಕಾರ ಕಾಯಿಲೆ ಹೆಚ್ಚಾಗಿ ಕಂಡದ್ದು ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ. ಅವರು ಕುಳ್ಳಗೂ ಇದ್ದರು, ಆದರೆ ಅಂಕಿಗಳಲ್ಲಿ ಈ ಕೊಂಡಿ ತುಸು ಸಡಿಲ. ಎಲ್ಲಕ್ಕಿಂತ ಬಿಗಿಯಾದ ಕೊಂಡಿ ತಾಯಿಯದು: ಅವಳ ತೂಕ ಸರಾಸರಿಗಿಂತ ಹೆಚ್ಚು, ಸೊಂಟದ ಅಳತೆಯೂ ದೊಡ್ಡದು. ಹೃದ್ರೋಗಿಯ ತಾಯಿ ಬಡಕಲು, ಸಕ್ಕರೆ ರೋಗಿಯ ತಾಯಿ ಮೈತುಂಬಿದವಳು. ಕಡತ ಒಂದೇ, ತಾಯಂದಿರು ಇಬ್ಬರು. ಒಬ್ಬಳನ್ನು ಅಳಿಸಿ ಇನ್ನೊಬ್ಬಳ ಹೆಸರಿನಲ್ಲಿ ಎರಡೂ ಕಾಯಿಲೆ ಬರೆದರೆ ಅದನ್ನು ಸಾರಾಂಶ ಎನ್ನಲಾಗದು.

ಸೊಂಟದ ಅಳತೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಹೆರಿಗೆ ಕಷ್ಟವಾದೀತೇ ಎಂದು ಮೊದಲೇ ಅಂದಾಜು ಮಾಡಲು ಹೊರಗಿನಿಂದ ಕ್ಯಾಲಿಪರ್ ಹಿಡಿದು, ಮುಂದಿನ ಮೂಳೆಯಿಂದ ಬೆನ್ನಿನ ಕೆಳಭಾಗದವರೆಗೆ ತೆಗೆದ ಅಳತೆ ಅದು. ಬಸುರಿನಲ್ಲಿ ತೆಗೆದ ತೂಕದಲ್ಲಿ ಕೂಸು, ನೀರು, ಆ ತಿಂಗಳ ಊಟ ಎಲ್ಲವೂ ಸೇರಿರುತ್ತವೆ. ಮೂಳೆ ಹಾಗಲ್ಲ. ಅದು ಹುಡುಗಿ ಬೆಳೆಯುವ ಕಾಲದಲ್ಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ 1940ರಲ್ಲಿ ಹೆತ್ತವಳ ಸೊಂಟದ ಅಳತೆ 1920ರ ದಶಕದ ಅವಳ ಬಾಲ್ಯದ ಸಾಕ್ಷಿ (ಹೊರಗಿನ ಅಳತೆಯಲ್ಲಿ ಮಾಂಸ, ಕೊಬ್ಬೂ ಒಂದಿಷ್ಟು ಸೇರುತ್ತವೆ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ, ಅದರಿಂದ ವಾದ ಮೆತ್ತಗಾಗುತ್ತದೆ, ಬೀಳುವುದಿಲ್ಲ). ಬಾಲ್ಯದಲ್ಲಿ ತಕ್ಕಮಟ್ಟಿಗೆ ಬೆಳೆದ ಹೆಂಗಸಿನ ಮಕ್ಕಳಿಗೇ ಸಕ್ಕರೆ ಕಾಯಿಲೆ ಹೆಚ್ಚು ಬಂದಿದ್ದರೆ, ಎಲ್ಲದಕ್ಕೂ ಬರ ಮತ್ತು ಹಸಿವನ್ನು ಕಾರಣ ಮಾಡುವ ಬರವಣಿಗೆ ಈ ಒಂದು ಅಳತೆಯ ಮುಂದೆ ನಿಲ್ಲಲಾರದು.

1998ರ ಪ್ರಬಂಧದ ಕರ್ತೃಗಳು ಕೊಟ್ಟ ವಿವರಣೆ ಹೀಗಿದೆ: ನಗರದ ತಾಯಂದಿರಲ್ಲಿ ತುಸು ಬೊಜ್ಜು, ಅದರಿಂದ ಬಸುರಿನಲ್ಲಿ ರಕ್ತದ ಸಕ್ಕರೆ ಏರಿಕೆ, ಅದರಿಂದ ದುಂಡಗಿನ ಕೂಸು, ದೊಡ್ಡವನಾದ ಮೇಲೆ ಇನ್ಸುಲಿನ್ ಕೊರತೆ. ಸರಪಳಿ ಚೆನ್ನಾಗಿದೆ, ಆದರೆ ಆ ಕಡತ ತಾಯಿಯ ರಕ್ತದ ಸಕ್ಕರೆಯನ್ನು ಹೇಳುವುದಿಲ್ಲ. ನಡುವಿನ ಕೊಂಡಿ ಊಹೆ. ಎಲ್ಲವನ್ನೂ ವಂಶವಾಹಿಗೆ ಕಟ್ಟುವ ಪಂಡಿತರು ಇಲ್ಲೇ ನುಗ್ಗುತ್ತಾರೆ: ದಪ್ಪ ತಾಯಿ ಮಗುವಿಗೆ ಕೊಟ್ಟದ್ದು ಗರ್ಭದ ವಾತಾವರಣವನ್ನಲ್ಲ, ತನ್ನ ಕುಲದ ಕಾಯಿಲೆಯನ್ನು ಎಂದು. ನಮ್ಮ ಜಿಲ್ಲೆಗೆ ಈ ಜಗಳ ಹೊಸದೇನಲ್ಲ. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ 1970ರ ದಶಕದಲ್ಲಿ ಹೊರಜಗತ್ತಿಗೆ ಗೊತ್ತಾದಾಗ, ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಮಾತು ಹಬ್ಬಿತ್ತು. ಮೂಳೆ ಬೆಳವಣಿಗೆಯ ಆ ದೋಷ ಅನುವಂಶೀಯವೆಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಅಲ್ಲಿ ವಂಶದ ಪಕ್ಷ ಗೆದ್ದಿತೆಂದು ಮೈಸೂರಿನಲ್ಲೂ ಗೆಲ್ಲಬೇಕಾಗಿಲ್ಲ.

ಊಹೆಯನ್ನು ಪರೀಕ್ಷಿಸುವ ಕೆಲಸ ಅದೇ ಆಸ್ಪತ್ರೆಯಲ್ಲಿ ನಡೆಯಿತು. 1997-98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷಿಸಿದರು, ಶೇ. 6.2ರಷ್ಟು ಮಂದಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಇತ್ತು. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಮಕ್ಕಳ ಬೆನ್ನುಹತ್ತಿದರು. ಐದನೆಯ ವಯಸ್ಸಿಗೇ, ಅಂಥ ತಾಯಂದಿರ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬು, ರಕ್ತದ ಇನ್ಸುಲಿನ್ ಎರಡೂ ಹೆಚ್ಚಿದ್ದವು. ತಂದೆಗೆ ಮಾತ್ರ ಸಕ್ಕರೆ ಕಾಯಿಲೆ ಇದ್ದ ಮಕ್ಕಳಲ್ಲಿ ಹಾಗೆ ಕಾಣಲಿಲ್ಲ. ಕುಲವೇ ಎಲ್ಲವೂ ಆಗಿದ್ದರೆ ತಂದೆಯ ಕಡೆಯಿಂದಲೂ ಇಳಿಯಬೇಕಿತ್ತಲ್ಲ? ಗಂಡುಮಕ್ಕಳಲ್ಲಿ ಆ ವಯಸ್ಸಿಗೆ ಯಾಕೆ ಕಾಣಲಿಲ್ಲ ಎಂಬುದಕ್ಕೆ ಗರ್ಭದ ಪಕ್ಷದವರು ಇನ್ನೂ ಉತ್ತರ ಕೊಡಬೇಕು. ನಾನೂ ಆ ಪಕ್ಷದವನೇ ಆದ್ದರಿಂದ ಇದನ್ನು ಮುಚ್ಚಿಡುವುದಿಲ್ಲ. ರಕ್ತದೊತ್ತಡದ ಸಂಗತಿಯನ್ನೂ: ಸಣ್ಣಗೆ ಹುಟ್ಟಿದ್ದಕ್ಕೂ ದೊಡ್ಡವರಾದ ಮೇಲಿನ ರಕ್ತದೊತ್ತಡಕ್ಕೂ ಮೈಸೂರಿನಲ್ಲಿ ಸಂಬಂಧವೇ ಇಲ್ಲವೆಂದು ಕುಮಾರನ್ ಮತ್ತು ಸಂಗಡಿಗರು 2000ದಲ್ಲಿ 'ಹಾರ್ಟ್' ಪತ್ರಿಕೆಯಲ್ಲಿ ತಾವಾಗಿಯೇ ಬರೆದರು. ಬಾರ್ಕರ್ ಸಿದ್ಧಾಂತದ ಪ್ರಚಾರಕರು ಈ ಪ್ರಬಂಧವನ್ನು ಎತ್ತಿಹೇಳಿದ್ದು ನಾನಂತೂ ಕೇಳಿಲ್ಲ.

ಪುಣೆಯ ಸಂಶೋಧಕ ಯಾಜ್ಞಿಕ್ ಅಧ್ಯಯನ ಮಾಡಿದ ಕೂಸುಗಳನ್ನು ತಂದು ಮೈಸೂರಿನದರ ಜೊತೆ ಬೆರೆಸುವವರೂ ಇದ್ದಾರೆ. ಅಲ್ಲಿಯವು ಹಳ್ಳಿಯ ಸಣಕಲು ತಾಯಂದಿರ ಮಕ್ಕಳು, ತೂಕ ಕಡಿಮೆಯಿದ್ದೂ ಕೊಬ್ಬು ಉಳಿಸಿಕೊಂಡವು. ಪ್ರಶ್ನೆ ನೆರೆಯದ್ದಾದರೂ ಪುರಾವೆ ಬೇರೆ.

ಉಳಿದದ್ದು 'ಮೈತುಂಬಿದವಳು' ಎಂಬ ನನ್ನದೇ ಮಾತು. ತೂಕವಿದ್ದವಳು ಚೆನ್ನಾಗಿ ಉಂಡವಳೇ ಎಂದು ಓದುಗರು ತಿಳಿದಾರು, 1998ರ ಪ್ರಬಂಧದಿಂದಲೂ ಹಾಗೆ ತೋರಬಹುದು. ಪಾರ್ಥೆನಾನ್ ಗರ್ಭಿಣಿಯರಲ್ಲಿ ಶೇ. 43ರಷ್ಟು ಮಂದಿಗೆ ಬಿ12 ಜೀವಸತ್ವ ಕಡಿಮೆಯಿತ್ತೆಂದು 2009ರಲ್ಲಿ ಪ್ರಕಟವಾಯಿತು. ಕಡಿಮೆಯಿದ್ದವರೇ ಹೆಚ್ಚು ದಪ್ಪಗಿದ್ದರು, ಬಸುರಿನ ಸಕ್ಕರೆ ಕಾಯಿಲೆಯೂ ಅವರಲ್ಲೇ ಹೆಚ್ಚು. ಹಾಲು, ಮೊಟ್ಟೆ, ಮಾಂಸಗಳಿಂದ ಸಿಗುವ ಈ ಸತ್ವ ಅನ್ನ, ಸಾರು, ಪಲ್ಯದಲ್ಲಿ ಇಲ್ಲ. ಹಾಗಾದರೆ 1940ರ ಆ ತೂಕದ ತಾಯಿಯೂ ಒಂದು ಬಗೆಯಲ್ಲಿ ಪೋಷಣೆ ಕಡಿಮೆಯಾದವಳೇ ಇದ್ದಿರಬಹುದು, ಕಡತದ ಪೌಂಡುಗಳಿಂದ ಅದನ್ನು ತೀರ್ಮಾನಿಸಲಾಗದು. ಕಡಿಮೆ ತೂಕವೇ ಸಕ್ಕರೆ ಕಾಯಿಲೆಗೆ ಮೂಲ ಎಂದು ಇನ್ನು ಮುಂದೆ ಬರೆಯುವವರು ಮೈಸೂರಿನ ಹೆಸರನ್ನು ಬಿಟ್ಟು ಬೇರೆ ಆಧಾರ ಹುಡುಕಿಕೊಳ್ಳಲಿ.