ಬರೆಯುವುದೊಂದು, ಓದುವುದೊಂದು: ಇಂಗ್ಲಿಷ್ ಸ್ಪೆಲಿಂಗಿನ ಕಥೆ

ಇಂಗ್ಲಿಷ್ ತರಗತಿಯಲ್ಲಿ ಹುಡುಗನೊಬ್ಬ ಚಾಕು ಎಂಬ ಅರ್ಥದ ಪದವನ್ನು ಅದರಲ್ಲಿರುವ 'ಕೆ' ಅಕ್ಷರ ಸಮೇತ 'ಕ್ನೈಫ್' ಎಂದು ಓದಿದರೆ ಇಡೀ ತರಗತಿ ಗೊಳ್ಳೆಂದು ನಗುತ್ತದೆ. ಪಿ-ಯು-ಟಿ 'ಪುಟ್' ಆದರೆ ಬಿ-ಯು-ಟಿ 'ಬಟ್' ಏಕೆ ಎಂದು ಕೇಳಿದವನಿಗೆ ಸಿಗುವ ಉತ್ತರ, 'ಅದು ಹಾಗೆಯೇ, ಬಾಯಿಪಾಠ ಮಾಡು' ಎಂಬುದು. ಕಾಗುಣಿತ ಒಮ್ಮೆ ಕೈವಶವಾದರೆ ಯಾವ ಪುಸ್ತಕವನ್ನಾದರೂ ಓದಬಲ್ಲ ಕನ್ನಡದ ಮಗುವಿಗೆ ಇದು ದೊಡ್ಡ ಅನ್ಯಾಯವೆಂದೇ ತೋರುತ್ತದೆ. ಅಂಕಗಳು ಹೋಗುವುದು ಒಂದು ಕಡೆ. ತಾನು ದಡ್ಡನೆಂಬ ಭಾವನೆ ಮನಸ್ಸಿನಲ್ಲಿ ಉಳಿದುಬಿಡುವುದು ಇನ್ನೊಂದು ಕಡೆ. ಆದರೆ ನಗುವವರಿಗೂ ನಗಿಸಿಕೊಂಡವನಿಗೂ ತಿಳಿಯದ ಸಂಗತಿಯೊಂದಿದೆ. ಆರುನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಆ 'ಕೆ' ಅಕ್ಷರವನ್ನು ಎಲ್ಲರೂ ಸ್ಪಷ್ಟವಾಗಿಯೇ ಉಚ್ಚರಿಸುತ್ತಿದ್ದರು. 1400ರಲ್ಲಿ ತೀರಿಕೊಂಡ ಕವಿ ಚಾಸರ್ ನಮ್ಮ ಆ ಹುಡುಗನ ಓದನ್ನು ಕೇಳಿದ್ದರೆ ನಗುತ್ತಿರಲಿಲ್ಲ.

ಇಂಗ್ಲಿಷಿನ ಸ್ಪೆಲಿಂಗ್ ಹುಚ್ಚು ಹಿಡಿದವರು ಕುಳಿತು ಮಾಡಿದ್ದಲ್ಲ. ಅದು ಹಳೆಯ ಉಚ್ಚಾರಣೆಯ ಪಳೆಯುಳಿಕೆ ಎನ್ನಬಹುದು. ಕುದುರೆ ಸವಾರ ವೀರನನ್ನು ಸೂಚಿಸುವ 'ನೈಟ್' ಪದವನ್ನೇ ನೋಡಿ. ಕೆ, ಎನ್, ಐ, ಜಿ, ಎಚ್, ಟಿ - ಇಷ್ಟು ಅಕ್ಷರಗಳಲ್ಲಿ ಅರ್ಧದಷ್ಟು ಇಂದು ಮೌನವ್ರತದಲ್ಲಿವೆ. ಹಿಂದೆ ಆ ಪದವನ್ನು ಹೆಚ್ಚುಕಡಿಮೆ 'ಕ್ನಿಹ್ಟ್' ಎಂದು, ನಡುವಿನ 'ಹ್' ಸದ್ದನ್ನು ಗಂಟಲಿನಿಂದ ಉಜ್ಜಿ ಹೇಳುತ್ತಿದ್ದರು. ಆ ಗಂಟಲ ಸದ್ದನ್ನು ಬರೆಯಲು ಲಿಪಿಕಾರರು ಜಿ ಮತ್ತು ಎಚ್ ಎರಡನ್ನೂ ಜೋಡಿಸಿದರು. ಕಾಲಕ್ರಮದಲ್ಲಿ ಸದ್ದು ಕೆಲವು ಪದಗಳಲ್ಲಿ ಅಳಿಯಿತು, ಕೆಲವದರಲ್ಲಿ 'ಫ' ಆಯಿತು. ಆದ್ದರಿಂದಲೇ ಓ-ಯು-ಜಿ-ಎಚ್ ಎಂಬ ಒಂದೇ ಬಾಲವುಳ್ಳ ಪದಗಳು ಟಫ್, ದೋ, ಥ್ರೂ, ಬೌ, ಕಾಫ್ ಎಂದು ದಿಕ್ಕಿಗೊಂದರಂತೆ ಚದುರಿ ಹೋಗಿವೆ.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನದಲ್ಲಿ ಫ್ರೆಂಚ್ ಮೆರೆಯಿತು. ಫ್ರೆಂಚ್ ಅಭ್ಯಾಸದ ಬರಹಗಾರರು ಇಂಗ್ಲಿಷನ್ನು ತಮ್ಮ ಕಿವಿಗೆ, ತಮ್ಮ ಕೈಗೆ ಒಗ್ಗಿದಂತೆ ಬರೆದರು. ಅದುವರೆಗೆ ಸಿ ಮತ್ತು ಡಬ್ಲ್ಯು ಸೇರಿಸಿ ಬರೆಯುತ್ತಿದ್ದ 'ಕ್ವೀನ್' ಪದಕ್ಕೆ ಕ್ಯು ಅಕ್ಷರ ಬಂದಿತು. 'ಲವ್', 'ಸನ್' ಪದಗಳಲ್ಲಿ ಯು ಇರಬೇಕಾದ ಕಡೆ ಓ ಬಂದು ಕುಳಿತದ್ದಕ್ಕೆ ಪಂಡಿತರು ಕೊಡುವ ಕಾರಣ ಸ್ವಾರಸ್ಯವಾಗಿದೆ. ಅಂದಿನ ಕೈಬರಹದಲ್ಲಿ ಯು, ಎನ್, ಎಂ, ವಿ ಎಲ್ಲವೂ ಒಂದೇ ಬಗೆಯ ನೆಟ್ಟ ಗೀಟುಗಳು. ಅವು ಅಕ್ಕಪಕ್ಕ ಬಂದರೆ ಬೇಲಿ ಕಡ್ಡಿಗಳಂತೆ ಕಾಣುತ್ತಿದ್ದವು. ಓದುಗನಿಗೆ ಗೊಂದಲವಾಗದಿರಲೆಂದು ನಡುವೆ ದುಂಡಗಿನ ಓ ಹಾಕಿದರಂತೆ. ಅಂದಿನ ಓದುಗನಿಗೆ ಮಾಡಿದ ಉಪಕಾರ ಇಂದಿನ ವಿದ್ಯಾರ್ಥಿಗೆ ಉಪದ್ರವವಾಗಿದೆ!

ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ. ಅವನಿಗೆ ಎದುರಾದ ಕಷ್ಟವೆಂದರೆ, ಯಾವ ಇಂಗ್ಲಿಷನ್ನು ಅಚ್ಚು ಹಾಕಬೇಕು ಎಂಬುದು. 1490ರಲ್ಲಿ ಮುದ್ರಿಸಿದ ಒಂದು ಪುಸ್ತಕದ ಮುನ್ನುಡಿಯಲ್ಲಿ ಅವನೇ ಒಂದು ಪ್ರಸಂಗ ಹೇಳುತ್ತಾನೆ. ಥೇಮ್ಸ್ ನದಿಯಿಂದ ಹಡಗಿನಲ್ಲಿ ಹೊರಟ ಕೆಲವು ವರ್ತಕರು ಗಾಳಿಯಿಲ್ಲದೆ ದಡ ಸೇರಿದರು. ಅವರಲ್ಲೊಬ್ಬ ಅಲ್ಲಿನ ಗೃಹಿಣಿಯ ಬಳಿ ಮೊಟ್ಟೆ ಕೇಳಿದ. ಅವನು ಬಳಸಿದ್ದು 'ಎಗ್ಗೆಸ್' ಎಂಬ ಉತ್ತರದ ಕಡೆಯ ಪದ. ಆಕೆ, ತನಗೆ ಫ್ರೆಂಚ್ ಬರುವುದಿಲ್ಲ ಎಂದುಬಿಟ್ಟಳು. ವರ್ತಕನಿಗೆ ಸಿಟ್ಟು ಬಂದಿತು, ಏಕೆಂದರೆ ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ! ಇನ್ನೊಬ್ಬ ನಡುವೆ ಬಂದು 'ಐರೆನ್' ಬೇಕು ಎಂದಾಗ ಆಕೆಗೆ ಅರ್ಥವಾಯಿತು. ಒಂದೇ ದೇಶದ ಇಬ್ಬರ ನಡುವೆ ಮೊಟ್ಟೆಯೊಂದು ಇಷ್ಟು ರಂಪ ಮಾಡಿದ ಮೇಲೆ ಯಾವ ಪದ ಅಚ್ಚು ಹಾಕುವುದು ಎಂದು ಕ್ಯಾಕ್ಸ್‌ಟನ್ ಕೇಳಿದ್ದರಲ್ಲಿ ತಪ್ಪಿಲ್ಲ. ಅವನು ಬಹುಕಾಲ ಬ್ರೂಜ್ ಮೊದಲಾದ ಫ್ಲೆಮಿಶ್ ನಾಡಿನ ಊರುಗಳಲ್ಲಿ ಬಾಳಿದ್ದವನು. ದೆವ್ವ ಎಂಬರ್ಥದ 'ಗೋಸ್ಟ್' ಪದದಲ್ಲಿ ಜಿ ಪಕ್ಕದಲ್ಲಿ ಎಚ್ ನುಸುಳಿದ್ದು ಆ ಫ್ಲೆಮಿಶ್ ರೂಢಿಯಿಂದಲೇ.

ಇಲ್ಲಿ ಕಾಲದ ವ್ಯಂಗ್ಯವನ್ನು ಗಮನಿಸಬೇಕು. ಮುದ್ರಣ ಯಂತ್ರ ಸ್ಪೆಲಿಂಗನ್ನು ಗಟ್ಟಿ ಮಾಡುತ್ತಿದ್ದ ಕಾಲದಲ್ಲಿಯೇ ಜನರ ಬಾಯಲ್ಲಿ ಸ್ವರಗಳು ಜಾರತೊಡಗಿದ್ದವು. ಸುಮಾರು 1400ರಿಂದ 1700ರವರೆಗೆ ನಡೆದ ಈ ಬದಲಾವಣೆಗೆ 'ಮಹಾ ಸ್ವರಪಲ್ಲಟ' ಎಂದು ಹೆಸರು. ಹಾಗೆ ಕರೆದವನು ಡೆನ್ಮಾರ್ಕಿನ ಭಾಷಾವಿಜ್ಞಾನಿ ಓಟೊ ಯೆಸ್ಪರ್ಸನ್. ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತೋರಿಸುವುದು ಕಷ್ಟ, ಕನ್ನಡ ಅಕ್ಷರಗಳಲ್ಲಿ ಸುಲಭ. 'ಟೀಮ್' ಎನ್ನುತ್ತಿದ್ದುದು 'ಟೈಮ್' ಆಯಿತು. 'ಹೂಸ್' ಎಂಬುದು 'ಹೌಸ್' ಆಯಿತು. 'ಮೋನ್' ಎಂಬುದು 'ಮೂನ್' ಆಯಿತು, 'ಫೇಟ್' ಎಂಬುದು 'ಫೀಟ್' ಆಯಿತು. ಹೆಸರು ಎಂಬರ್ಥದ 'ನೇಮ್' ಪದವನ್ನು ಚಾಸರನ ಕಾಲದಲ್ಲಿ 'ನಾಮೆ' ಎನ್ನುತ್ತಿದ್ದರು. ಸಂಸ್ಕೃತದಿಂದ ನಮಗೆ ಬಂದ 'ನಾಮ' ಮತ್ತು ಈ ಪದ ಎರಡೂ ಒಂದೇ ಮೂಲ ಭಾಷೆಯ ಕುಡಿಗಳು. ಬರಹದಲ್ಲಿ ಎ ಅಕ್ಷರ ಇನ್ನೂ ಆ 'ಆ'ಕಾರವನ್ನು ನೆನಪಿಸುತ್ತಾ ಕುಳಿತಿದೆ, ಬಾಯಿ ಮಾತ್ರ ಮುಂದೆ ಹೋಗಿದೆ. 'ಪುಟ್' ಮತ್ತು 'ಬಟ್' ಜಗಳವೂ ಇಂಥದೇ. ಮೊದಲು ಅದು 'ಬುಟ್' ಆಗಿಯೇ ಇತ್ತು. 17ನೆಯ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಆ ಉಕಾರ ಬಹುಪಾಲು ಪದಗಳಲ್ಲಿ ಅಕಾರದ ಕಡೆಗೆ ವಾಲಿತು. 'ಪುಟ್', 'ಫುಲ್', 'ಬುಲ್' ಮೊದಲಾದ ಕೆಲವು ಪದಗಳಲ್ಲಿ ಹಾಗೆಯೇ ಉಳಿಯಿತು. ಉತ್ತರ ಇಂಗ್ಲೆಂಡಿನ ಅನೇಕರು ಇಂದಿಗೂ 'ಬುಟ್' ಎಂದೇ ಹೇಳುತ್ತಾರೆ.

ಕನ್ನಡದಲ್ಲಿಯೂ ಸದ್ದುಗಳು ಬದಲಾಗಿವೆ. ಹಳಗನ್ನಡದ 'ಪಾಲ್' ಇಂದು 'ಹಾಲು', 'ಪುಲಿ' ಇಂದು 'ಹುಲಿ'. ಆದರೆ ನಾವು ನಾಲಿಗೆಯ ಜೊತೆಗೆ ಲೇಖನಿಯನ್ನೂ ಬದಲಿಸಿದೆವು. ೞ ಮತ್ತು ಱ ಸದ್ದುಗಳು ಮರೆಯಾದಾಗ ಆ ಅಕ್ಷರಗಳನ್ನೂ ಕೈಬಿಟ್ಟೆವು. ಋ, ಷ ಮೊದಲಾದವನ್ನು ಮಾತ್ರ ಗೌರವಕ್ಕಾಗಿ ಇಟ್ಟುಕೊಂಡಿದ್ದೇವೆ. ಇಂಗ್ಲಿಷಿನವರು ಬಿಟ್ಟದ್ದಕ್ಕಿಂತ ಇಟ್ಟುಕೊಂಡದ್ದೇ ಹೆಚ್ಚು.

ಸಾಲದೆಂಬಂತೆ ಪಂಡಿತರೂ ಕೈ ಹಾಕಿದರು. ಸಾಲ ಎಂಬರ್ಥದ 'ಡೆಟ್' ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ಮೂಲವಾದ 'ಡೆಬಿಟುಂ' ಪದದಲ್ಲಿ ಬಿ ಇದೆ ಎಂಬ ಅಭಿಮಾನದಿಂದ ಅದನ್ನು ತುರುಕಿದರು. ಷೇಕ್ಸ್‌ಪಿಯರ್ ಇದನ್ನು ಬಿಡಲಿಲ್ಲ. 1598ರಲ್ಲಿ ಅಚ್ಚಾದ ಅವನ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದಲ್ಲಿ ಹಾಲೊಫರ್ನಿಸ್ ಎಂಬ ಉಪಾಧ್ಯಾಯ, ಜನರು ಆ ಬಿ ಅನ್ನು ಉಚ್ಚರಿಸುವುದಿಲ್ಲವೆಂದು ಗೋಳಾಡುತ್ತಾನೆ. 'ಐಲೆಂಡ್' ಪದದ ಎಸ್ ಇನ್ನೂ ಹಾಸ್ಯಾಸ್ಪದ. ಅದು ಅಪ್ಪಟ ಇಂಗ್ಲಿಷ್ ಪದ, ಲ್ಯಾಟಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಲ್ಯಾಟಿನ್ ಮೂಲದ 'ಐಲ್' ಪದದ ನೆಂಟನೆಂದು ತಪ್ಪಾಗಿ ತಿಳಿದು ಎಸ್ ಸೇರಿಸಿದರು. 'ವುಡ್', 'ಶುಡ್' ಪದಗಳಲ್ಲಿ ಎಲ್ ಇದೆಯೆಂದು ನೋಡಿ 'ಕುಡ್' ಪದಕ್ಕೂ ಎಲ್ ಕೊಟ್ಟರು. 1755ರಲ್ಲಿ ಹೊರಬಂದ ಡಾ. ಜಾನ್ಸನ್ನರ ನಿಘಂಟು ಇಂಥ ರೂಪಗಳಿಗೆ ಮೊಹರು ಒತ್ತಿತು. 'ರಿಸೀಟ್' ಪದದಲ್ಲಿ ಮೌನ ಪಿ ಇದೆ, ಅದೇ ಕುಲದ 'ಡಿಸೀಟ್' ಪದದಲ್ಲಿ ಇಲ್ಲ. ಈ ಪಕ್ಷಪಾತ ಅವರ ನಿಘಂಟಿನಲ್ಲಿಯೂ ಇದೆ.

ಸುಧಾರಣೆಗೆ ಯಾರೂ ಯತ್ನಿಸಲಿಲ್ಲವೇ? ಯತ್ನಿಸಿದರು. ಅಮೆರಿಕದ ನೋಹ ವೆಬ್‌ಸ್ಟರ್ 'ಕಲರ್' ಪದದ ಯು ತೆಗೆದದ್ದು ನಿಂತಿತು. ನಾಲಿಗೆಗೆ ಟಿ-ಯು-ಎನ್-ಜಿ ಸಾಕೆಂದದ್ದು ನಿಲ್ಲಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 300 ಪದಗಳ ಸರಳ ಸ್ಪೆಲಿಂಗನ್ನು ಸರ್ಕಾರಿ ಮುದ್ರಣಾಲಯಕ್ಕೆ ಆಜ್ಞಾಪಿಸಿದರು. ಪತ್ರಿಕೆಗಳು ಗೇಲಿ ಮಾಡಿದವು, ಸಂಸತ್ತು ವಿರೋಧಿಸಿತು, ಆಜ್ಞೆ ಹಿಂದಕ್ಕೆ ಹೋಯಿತು. ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ 1949ರಲ್ಲಿ ಬಂದ ಸ್ಪೆಲಿಂಗ್ ಸುಧಾರಣಾ ಮಸೂದೆ 84 ಮತಗಳ ವಿರುದ್ಧ 87 ಮತಗಳಿಂದ ಸೋತಿತು. ಮೂರೇ ಮತಗಳ ಅಂತರ!

ಸುಧಾರಣೆಯ ವಿರೋಧಿಗಳೆಲ್ಲ ಕೇವಲ ಜಡರೆಂದು ತಿಳಿಯಬಾರದು. ಉಚ್ಚಾರಣೆಯಂತೆ ಬರೆಯೋಣವೆಂದರೆ ಯಾರ ಉಚ್ಚಾರಣೆ? ಲಂಡನ್ನಿನದೋ, ಎಡಿನ್‌ಬರೊದ್ದೋ, ಟೆಕ್ಸಾಸಿನದೋ, ನಮ್ಮ ಬೆಂಗಳೂರಿನದೋ? ಇನ್ನೊಂದು ಮಾತೂ ಇದೆ. 'ಸೈನ್' ಪದದ ಮೌನ ಜಿ 'ಸಿಗ್ನೇಚರ್' ಪದದಲ್ಲಿ ಬಾಯಿ ಬಿಡುತ್ತದೆ. ಅದನ್ನು ಕಿತ್ತರೆ ಎರಡು ಪದಗಳ ಬಾಂಧವ್ಯ ಕಣ್ಣಿಗೆ ಕಾಣುವುದಿಲ್ಲ.

ಈ ಹೋರಾಟದಲ್ಲಿ ಎಲ್ಲರಿಗಿಂತ ಹಟವಾದಿ ಬರ್ನಾರ್ಡ್ ಷಾ. ಜಿ-ಎಚ್-ಓ-ಟಿ-ಐ ಎಂದು ಬರೆದು 'ಫಿಶ್' ಎಂದು ಓದಬಹುದೆಂಬ ಪ್ರಸಿದ್ಧ ಚಟಾಕಿಯನ್ನು ಅವರ ಹೆಸರಿಗೇ ಹಚ್ಚುತ್ತಾರೆ. 'ಟಫ್' ಪದದ ಜಿ-ಎಚ್, 'ವಿಮೆನ್' ಪದದ ಓ, 'ನೇಷನ್' ಪದದ ಟಿ-ಐ ಸೇರಿದರೆ ಮೀನು ಸಿದ್ಧ! ಆದರೆ ಈ ಚಟಾಕಿ 1855ರ ಒಂದು ಪತ್ರದಲ್ಲಿಯೇ ಇದೆ, ಷಾ ಹುಟ್ಟಿದ್ದು 1856ರಲ್ಲಿ. 1950ರಲ್ಲಿ ತೀರಿಕೊಂಡ ಷಾ, ಇಂಗ್ಲಿಷಿಗೆ ಕನಿಷ್ಠ 40 ಅಕ್ಷರಗಳ ಹೊಸ ಲಿಪಿಯೊಂದನ್ನು ರೂಪಿಸಲು ತಮ್ಮ ಉಯಿಲಿನಲ್ಲಿ ಹಣ ಬಿಟ್ಟರು. ಉಯಿಲು ನ್ಯಾಯಾಲಯದ ಮೆಟ್ಟಿಲೇರಿ, ರಾಜಿಯಾಗಿ, ಕೊನೆಗೆ 1962ರಲ್ಲಿ ಅವರ 'ಆಂಡ್ರೊಕ್ಲೀಸ್ ಅಂಡ್ ದಿ ಲಯನ್' ನಾಟಕ ಆ ಲಿಪಿಯಲ್ಲಿ ಅಚ್ಚಾಯಿತು. ಒಂದು ಪುಟದಲ್ಲಿ ಹೊಸ ಲಿಪಿ. ಅದನ್ನು ಓದಲು ಬಾರದವರಿಗಾಗಿ ಎದುರು ಪುಟದಲ್ಲಿ, ಷಾ ಜೀವಮಾನವೆಲ್ಲ ಬೈದ ಅದೇ ಹಳೆಯ ಸ್ಪೆಲಿಂಗ್.