ಡಾಕ್ಟರಿಗೂ ಒಬ್ಬ ಹಿಮ್ಮೇಳದವ

ದೊಡ್ಡ ಕಥೆ ಹಾಡುವಾಗ ಮುಂದಿನ ಸೊಲ್ಲು ಮರೆತರೆ ಹಿಂದೆ ಕೂತವನು ಎತ್ತಿಕೊಡ್ತಾನೆ. ಹಾಡುವವನಿಗೇ ಅದರ ಬೆಲೆ ಗೊತ್ತು. ಅಪರೂಪದ ರೋಗ ಬಂದಾಗ ಡಾಕ್ಟರಿಗೂ ಹೀಗೆ ಎತ್ತಿಕೊಡುವ ಕಂಪ್ಯೂಟರುಗಳಿವೆ ಅಂತ ವಾಚನಾಲಯದಲ್ಲಿ ಮಾಸ್ಟ್ರು ಓದಿ ಹೇಳಿದರು. ನಾನು ಓದಿದ್ದು ಏಳನೇ ಕ್ಲಾಸು. ಕೇಳಿ ತಿಳಕೊಂಡಷ್ಟು ಬರೆದಿದ್ದೇನೆ.

ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಜಾಕ್ ಮೈಯರ್ಸ್ ಅಂತ ದೊಡ್ಡ ವೈದ್ಯರಿದ್ದರು. ಅವರ ತಲೆಯಲ್ಲಿದ್ದ ವಿದ್ಯೆಯನ್ನು ಕಂಪ್ಯೂಟರಿಗೆ ತುಂಬಿಸುವ ಕೆಲಸ 1970ರ ದಶಕದಲ್ಲಿ ನಡೆಯಿತು. ಅದರ ಹೆಸರು ಇಂಟರ್ನಿಸ್ಟ್. ಐನೂರಕ್ಕೂ ಹೆಚ್ಚು ರೋಗ ಕಲಿಸಿದರು. ಕಷ್ಟದ 19 ರೋಗಿಗಳ ವಿವರ ಕೊಟ್ಟು ಪರೀಕ್ಷೆ ಮಾಡಿದ ಲೆಕ್ಕ 1982ರಲ್ಲಿ ಅಚ್ಚಾಯಿತು. ಹೇಳಬೇಕಾದ ರೋಗ 43. ಯಂತ್ರ 25 ಹೇಳಿತು, ಆಸ್ಪತ್ರೆಯ ಡಾಕ್ಟರುಗಳು 28, ಪರಿಣತರು 35. ಯಂತ್ರ ಸೋತಿತು, ಆದರೆ ಬಹಳ ಹಿಂದೆ ಬೀಳಲಿಲ್ಲ. ಕಷ್ಟ ಏನೆಂದರೆ ಒಬ್ಬ ರೋಗಿಯ ವಿವರ ತುಂಬಿಸುವುದಕ್ಕೇ ಬಹಳ ಹೊತ್ತು ಬೇಕು. ಹೊರಗೆ ಜನ ಸಾಲು ನಿಂತಿರುವಾಗ ಯಾವ ಡಾಕ್ಟರು ಅದನ್ನು ಮಾಡ್ಯಾರು? ಆಮೇಲೆ ಬಾಸ್ಟನ್ನಿನಲ್ಲಿ ಡಿಎಕ್ಸ್‌ಪ್ಲೇನ್ ಅಂತ ಬಂತು. ಸಾಮಾನ್ಯ ರೋಗ ಒಂದು ಪಟ್ಟಿ, ಅಪರೂಪದ್ದು ಇನ್ನೊಂದು ಪಟ್ಟಿ ಮಾಡಿ ತೋರಿಸುವುದು ಅದರ ಗುಣ.

1999ರಲ್ಲಿ ಇಂಗ್ಲೆಂಡಿನಲ್ಲಿ ಇಸಬೆಲ್ ಮಾಡ್ ಎಂಬ ಮೂರು ವರ್ಷದ ಮಗುವಿಗೆ ಸಿಡುಬಿನ ತಂಗಿಯಂಥ ಚಿಕನ್‌ಪಾಕ್ಸ್ ಎದ್ದಿತು. ಮೊದಲು ನೋಡಿದವರು ಇದು ಎಲ್ಲಾ ಮಕ್ಕಳಿಗೂ ಬರುವಂಥದ್ದೇ ಅಂದರು. ಒಳಗೆ ಮಾಂಸವನ್ನೇ ಕೊಳೆಸುವ ಅಪರೂಪದ ಸೋಂಕು ಸೇರಿತ್ತು. ಮಗು ಹೇಗೋ ಉಳಿಯಿತು. ಅಪ್ಪ ಜೇಸನ್ ಮಾಡ್ ಹಣಕಾಸಿನ ಕೆಲಸ ಬಿಟ್ಟು, ಜೋಸೆಫ್ ಬ್ರಿಟ್ಟೋ ಎಂಬ ಮಕ್ಕಳ ವೈದ್ಯರ ಜೊತೆ ಸೇರಿ ಮಗಳ ಹೆಸರಲ್ಲೇ ಯಂತ್ರ ಕಟ್ಟಿದರು. ಲಕ್ಷಣ ಬರೆದರೆ ‘ಇದೂ ಇರಬಹುದು, ನೋಡಿದಿರಾ’ ಅಂತ ಪಟ್ಟಿ ಕೊಡುತ್ತದೆ. ಕೋರ್ಟಿಗೆ ಹೋಗಿ ಕೂರದೆ ಹೀಗೆ ಮಾಡಿದ ಆ ಅಪ್ಪನನ್ನು ನಾನು ಮೆಚ್ಚಿದೆ.

ನಮ್ಮ ವಯನಾಡಿಗೆ ಇದು ದೂರದ ಮಾತಲ್ಲ. 1957ರಲ್ಲಿ ಶಿವಮೊಗ್ಗದ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನಕ್ಕೂ ಜ್ವರ ಬಂತು. ಉಣ್ಣಿ ಕಚ್ಚಿ ಹರಡುವ ಆ ಮಂಗನ ಕಾಯಿಲೆ ಐವತ್ತಾರು ವರ್ಷದ ಮೇಲೆ, 2013ರಲ್ಲಿ, ಇಲ್ಲಿ ಕಾಣಿಸಿತು. 2015ರಲ್ಲಿ ನೂರಕ್ಕೂ ಹೆಚ್ಚು ಜನರನ್ನು ಹಿಡಿಯಿತು, ಕೆಲವರು ತೀರಿಕೊಂಡರು. ಹೆಚ್ಚಿನವರು ಕಾಡು ನಂಬಿ ಬದುಕುವವರೇ. ಮೊದಲ ದಿನಗಳಲ್ಲಿ ಅದು ಬೇರೆ ಜ್ವರದ ಹಾಗೇ: ತಲೆಸಿಡಿತ, ಮೈಕೈ ನೋವು, ವಾಂತಿ.

ಈಗ ಯಂತ್ರದ ಮುಂದೆ ‘ಜ್ವರ, ಮೈಕೈ ನೋವು’ ಅಂತ ಮಾತ್ರ ಬರೆದರೆ ಅದು ಡೆಂಗಿ, ಇಲಿಜ್ವರ ಅಂತ ಉದ್ದ ಪಟ್ಟಿ ಕೊಟ್ಟೀತು. ‘ಹತ್ತು ದಿನದ ಹಿಂದೆ ಸೌದೆಗೆ ಕಾಡಿಗೆ ಹೋಗಿದ್ದೆ, ಅಲ್ಲಿ ಮಂಗ ಸತ್ತು ಬಿದ್ದಿತ್ತು’ ಅನ್ನುವ ಮಾತು ಸೇರಿದರೆ ಕಥೆಯೇ ಬೇರೆ. ಆ ಮಾತು ಇರುವುದು ನಮ್ಮ ಬಾಯಲ್ಲಿ. ನಮ್ಮವರೋ ಡಾಕ್ಟರ ಮುಂದೆ ಮಲಯಾಳದಲ್ಲಿ ‘ಪನಿ’ ಅಂತ ಒಂದೇ ಮಾತು ಹೇಳಿ ಗುಳಿಗೆ ಈಸ್ಕೊಂಡು ಬರ್ತಾರೆ. ಉಳಿದದ್ದನ್ನು ಹೇಳಲು ಮಾತು ಸಾಲದು, ಇಲ್ಲವೇ ನಾಚಿಕೆ. ಡಿಸೆಂಬರಿಂದ ಮೇ ತನಕ ಜ್ವರ ಬಂದು ಪಿ.ಎಚ್.ಸಿ.ಗೆ ಹೋಗುವವರ ಜೊತೆ ಮಲಯಾಳ ಬಲ್ಲ ಶಾಲೆಯ ಹುಡುಗನೊಬ್ಬನನ್ನು ಕಳಿಸಿ. ಕಾಡು, ಉಣ್ಣಿ, ಮಂಗ, ಮೂರನ್ನೂ ಅವನು ಹೇಳಲಿ.